ಒಂದು ಚೂರು

ನಿನ್ನೆ ರಾತ್ರಿ ಹನ್ನೊಂದೂವರೆಗೆ ನಮ್ಮ ಸಂಗೀತ ನಿರ್ದೇಶಕನ ವಾಯ್ಸ್ ಮೆಸೇಜು ಬಂತು. ‘ಮಗಾ, ಹಾಡನ್ನ ಒಂದು ಚೂರು ಫಾಸ್ಟ್ ಮಾಡಿದ್ದೀನಿ. ಯಾರಿಗೂ ಗೊತ್ತೇ ಆಗಲ್ಲ ಬಿಡು.’

ಗೊತ್ತಾಗುತ್ತದೆ. ಕೇಳುವವರಿಗಲ್ಲ, ಚಿತ್ರ ಬಿಡಿಸುವವನಿಗೆ.

ನಾವಿಬ್ಬರೂ ಸೇರಿ ಮೂರು ನಿಮಿಷದ ಅನಿಮೇಷನ್ ಸಿನಿಮಾ ಮಾಡುತ್ತಿದ್ದೇವೆ. ಹಾಡು ಅವನದು, ಚಿತ್ರ ನನ್ನದು. ಕಥೆ ಇಷ್ಟೇ: ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುವ ಹುಡುಗ, ಅದೇ ಟೇಬಲ್ಲಿನಲ್ಲಿ ಇಡ್ಲಿ ತಿನ್ನುವ ಹುಡುಗಿ, ಪ್ರೀತಿ. ಸೆಕೆಂಡಿಗೆ 24 ಫ್ರೇಮು. ಒಂದೇ ಚಿತ್ರವನ್ನು ಎರಡು ಫ್ರೇಮಿಗೆ ಹಂಚಿ ಕಳ್ಳಾಟ ಆಡಿದರೂ ಸೆಕೆಂಡಿಗೆ 12, ಒಟ್ಟು 2160 ಚಿತ್ರ. ಹುಡುಗ ಲೋಟ ಎತ್ತಿ ತುಟಿಗೆ ಮುಟ್ಟಿಸುವಷ್ಟರಲ್ಲಿ ನನ್ನದೊಂದು ಭಾನುವಾರ ಮುಗಿದಿರುತ್ತದೆ. ನಾನು ಚಿತ್ರ ಬಿಡಿಸುವ ಸಾಫ್ಟ್‌ವೇರಿನ ಹೆಸರು ಬ್ಲೆಂಡರ್. ‘ಬ್ಲೆಂಡರ್‌ನಲ್ಲಿ ಕೆಲಸ ಮಾಡ್ತಿದ್ದೀನಿ’ ಎಂದರೆ ಅಮ್ಮ ಇವತ್ತಿಗೂ ಚಟ್ನಿಗೆ ಕಾಯುತ್ತಾರೆ.

ಹಾಡು ನಿಮಿಷಕ್ಕೆ 90 ಬೀಟ್‌ನಲ್ಲಿತ್ತು. ಬೀಟಿಗೆ ಸರಿಯಾಗಿ 16 ಫ್ರೇಮು, ಅಂದರೆ ಎಂಟು ಚಿತ್ರ. ಅದನ್ನೇ ನಂಬಿ ಅರ್ಧ ಸಿನಿಮಾ ಬಿಡಿಸಿದ್ದೇನೆ. ಈಗ ಅವನ ‘ಒಂದು ಚೂರು’ ಅಂದರೆ 100. ಬೀಟಿಗೆ 14.4 ಫ್ರೇಮು. ಆ ಪಾಯಿಂಟ್ ನಾಲ್ಕು ಫ್ರೇಮನ್ನು ಎಲ್ಲಿಡಲಿ, ಸಾಸಿವೆ ಡಬ್ಬಿಯಲ್ಲಾ? 96 ಮಾಡಿದ್ದರೂ ಲೆಕ್ಕಕ್ಕೆ 15 ಸಿಗುತ್ತಿತ್ತು. ಅವನಿಗೆ ನೂರು ಅಂದರೆ ನೋಡೋಕೆ ದುಂಡಗಿರುತ್ತದಂತೆ.

ಈ ಚೂರು ಅವನ ಹುಟ್ಟುಗುಣ. ‘ಒಂದು ಚೂರು ಹಾಕಿ ಸಾಕು’ ಅಂತ ಎಲೆ ಮುಂದೆ ಕೂತವನು ನಮ್ಮ ಮನೆಯ ಬಿಸಿಬೇಳೆ ಬಾತಿನ ತಳ ಕೆರೆಸಿ ಎದ್ದಿದ್ದಾನೆ. ಕಳೆದ ತಿಂಗಳು ಹಾಡುವವಳ ಕೈಲಿ ‘ಪ್ರೀತಿ’ ಅನ್ನುವುದನ್ನು ಒಂದು ಚೂರು ಎಳೆಸಿದ. ನಾಲ್ಕು ಸೆಕೆಂಡು! ಚಿತ್ರದ ಹುಡುಗಿಗೆ ‘ಪ’ ಬಂದಾಗ ತುಟಿ ಮುಚ್ಚಿಸಿದೆ, ‘ರೀ’ಗೆ ಅಗಲಿಸಿದೆ, ‘ತ’ಗೆ ಹಲ್ಲಿಗೆ ನಾಲಿಗೆ ತಾಗಿಸಿದೆ. ಅಲ್ಲಿಂದಾಚೆಗೆ 96 ಫ್ರೇಮು ಬರೀ ‘ಈ’. ‘ಆ’ ಆಗಿದ್ದರೆ ಬಾಯಿ ತೆರೆಸಿ ಭಾವ ತುಂಬಬಹುದಿತ್ತು. ‘ಊ’ ಆಗಿದ್ದರೆ ತುಟಿ ದುಂಡಗೆ, ಮುದ್ದು. ‘ಈ’ಗೆ ಹಲ್ಲು ಕಿರಿಯುವುದು ಬಿಟ್ಟು ಬೇರೆ ಗತಿಯೇ ಇಲ್ಲ. ಕಣ್ಣು ಮುಚ್ಚಿಸಿದೆ, ಒಗರು ನೆಲ್ಲಿಕಾಯಿ ಕಚ್ಚಿದ ಹಾಗಾಯಿತು. ಹುಬ್ಬು ಏರಿಸಿದೆ, ಕಾಲಿಗೆ ಕೆಂಪಿರುವೆ ಹತ್ತಿದ ಹಾಗಾಯಿತು. ಹಿಂದೆ ನಿಂತು ನೋಡಿದ ಅಮ್ಮ, ‘ಪಾಪ, ಹಲ್ಲುನೋವೇನೋ? ಲವಂಗ ಇಟ್ಕೊಳ್ಳೋಕೆ ಹೇಳು’ ಎಂದರು. ಕೊನೆಗೆ ಅವಳನ್ನು ಹಿಂದಕ್ಕೆ ತಿರುಗಿಸಿ, ಬರೀ ಜಡೆ ತೋರಿಸಿ ಬಚಾವಾದೆ. ಹೀಗಾಗಿ ಪ್ರೀತಿ ಉಕ್ಕಿ ಹರಿಯುವ ಹೊತ್ತಿನಲ್ಲಿ ನಮ್ಮ ನಾಯಕಿ ಗೋಡೆಯ ಮೇಲಿನ ಬೆಲೆಪಟ್ಟಿ ಓದುತ್ತಿದ್ದಾಳೆ.

(ಅದೇ ಟೇಕಿನಲ್ಲಿ ಕಿವಿಗೊಟ್ಟರೆ ತಳ್ಳುಗಾಡಿಯ ಸ್ಪೀಕರು ‘ಈರುಳ್ಳಿ, ಈರುಳ್ಳಿ’ ಅನ್ನುವುದೂ ಕೇಳುತ್ತದೆ. ಅದೂ ‘ಈ’ಯೇ, ಶ್ರುತಿಗೂ ಕೂತಿದೆ. ಹಾಗೇ ಬಿಟ್ಟಿದ್ದೇವೆ.)

ಸರಿ, ರಾತ್ರಿಯೇ ಕೂತು ಚಿತ್ರ ಕಡಿಮೆ ಮಾಡಲು ಹೊರಟೆ. ಬೀಟಿಗೆ ಎಂಟು ಇದ್ದದ್ದು ಏಳಾಗಬೇಕು. ಹುಡುಗಿ ಮೊದಲ ಸಲ ತಲೆಯೆತ್ತಿ ನೋಡುವ ಜಾಗ ಬಂತು. ಅದನ್ನು ಬಿಡಿಸುವುದಕ್ಕೆ ಹಿಂದೊಮ್ಮೆ ನನ್ನ ಹೆಂಡತಿಯನ್ನೇ ಲೋಟ ಕೊಟ್ಟು ಕೂರಿಸಿ ಮೊಬೈಲಿನಲ್ಲಿ ಶೂಟ್ ಮಾಡಿದ್ದೆ. ‘ಒಲೆ ಮೇಲೆ ಹಾಲಿದೆ, ಬೇಗ’ ಅಂತ ಬೈದುಕೊಂಡೇ ಕೂತಿದ್ದಳು. ಒಂದೊಂದೇ ಫ್ರೇಮು ನಿಲ್ಲಿಸಿ ನೋಡಿದಾಗ, ಬೈಗುಳಕ್ಕೂ ನಗುವಿಗೂ ನಡುವೆ ರೆಪ್ಪೆ ಅರ್ಧ ಇಳಿದ ಒಂದು ಮುಖ ಸಿಕ್ಕಿತ್ತು. ಮದುವೆಯಾಗಿ ಹನ್ನೊಂದು ವರ್ಷ, ಆ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಎದುರಿಗೇ ಇತ್ತೇನೋ, ಅಷ್ಟು ನಿಧಾನವಾಗಿ ನೋಡಿದವನಲ್ಲ.

ಎಂಟರಲ್ಲಿ ಅದು ಐದನೇ ಚಿತ್ರ. ಒಂದು ತೆಗೆಯಬೇಕೆಂದರೆ ಯಾರಾದರೂ ತೆಗೆಯುವುದು ಅದನ್ನೇ, ಅದಿಲ್ಲದಿದ್ದರೂ ಚಲನೆ ಸಲೀಸಾಗಿ ಹೋಗುತ್ತದೆ.

ಹನ್ನೆರಡೂ ಮುಕ್ಕಾಲಿಗೆ ಅವನಿಗೆ ಫೋನ್ ಮಾಡಿ, ‘90ಕ್ಕೇ ಇಳಿಸು, ಇಲ್ಲದಿದ್ದರೆ ಸಿನಿಮಾನೇ ಬೇಡ’ ಎಂದೆ. ಆ ಕಡೆ ಎರಡು ಸೆಕೆಂಡು ಮೌನ. ನನ್ನ ಲೆಕ್ಕದಲ್ಲಿ 24 ಚಿತ್ರ.

‘ಆಯ್ತು ಮಗಾ, ಕೋಪ ಮಾಡ್ಕೋಬೇಡ. 90ಕ್ಕೇ ಇಡೋಣ. ಆದ್ರೆ ಶ್ರುತಿ ಒಂದು ಚೂರು ಏರಿಸಲಾ?’

ಶ್ರುತಿ ಎಷ್ಟೇರಿದರೂ ಫ್ರೇಮು ಅಷ್ಟೇ ಇರುತ್ತದೆ. ಏರಿಸಿಕೋ ಎಂದೆ. ಹಾಡುವವಳ ಪಾಡು ಹಾಡುವವಳಿಗೆ.