ಫ್ಲೆಕ್ಸ್ ಮೂಲೆಗೆ ಸರಿದ ತೆನೆ ಹೊತ್ತ ಹೆಂಗಸು

ನಿನ್ನೆ ಊರಲ್ಲಿ ಬೀಗರ ಊಟ ಇತ್ತು, ಹೋಗಿದ್ದೆ. ಬಸ್ ಇಳಿದ ತಕ್ಷಣ ಕಣ್ಣಿಗೆ ಬಿದ್ದಿದ್ದು ಒಂದು ದೊಡ್ಡ ಫ್ಲೆಕ್ಸ್. ಮೈತ್ರಿ ಮಾಡ್ಕೊಂಡಿರೋ ಬಿಜೆಪಿ, ಜೆಡಿಎಸ್ ಎರಡೂ ಪಕ್ಷದ ಲೀಡರ್‌ಗಳು ಸಾಲಾಗಿ ಕೈ ಮುಗಿದು ನಿಂತವ್ರೆ, ಮೇಲೆ ಕಮಲ ಅಗಲವಾಗಿ ಅರಳಿದೆ, ನಮ್ಮ ಜೆಡಿಎಸ್ ಗುರುತು ತೆನೆ ಹೊತ್ತ ಹೆಂಗಸು ಎಡಗಡೆ ಕೆಳಗಿನ ಮೂಲೇಲಿ ಟೀ ಲೋಟದಷ್ಟು. ನನ್ನ ಕರ್ಕೊಂಡು ಹೋಗೋಕೆ ಬಂದಿದ್ದ ದೊಡ್ಡಪ್ಪ ಅದರ ಹತ್ರ ಹೋಗಿ ಬೆರಳಿಟ್ಟು ತೋರಿಸಿದ್ರು. "ನೋಡ್ಲಾ ಮಗಾ, ನಮ್ಮವ್ವ ಎಲ್ಲವ್ಳೆ ಅಂತ."

ಅಷ್ಟೇ ಅಂದಿದ್ದು. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ನಂಗೆ.

ನಮ್ಮನೆ ಜೆಡಿಎಸ್ ಮನೆ, ಬಚ್ಚಿಡೋದೇನಿಲ್ಲ. ದೊಡ್ಡಪ್ಪ ಎಷ್ಟೋ ಎಲೆಕ್ಷನ್‌ಗೆ ಬೂತ್ ಏಜೆಂಟ್ ಆಗಿ ಕೂತವ್ರು. ಅದಕ್ಕೇ ಹೇಳ್ತಿದೀನಿ, ಹೊರಗಿನವನಾಗಿ ಅಲ್ಲ. ಸಣ್ಣ ಪಕ್ಷ ದೊಡ್ಡ ಪಕ್ಷದ ಜೊತೆ ಸರ್ಕಾರ ಮಾಡಿದಾಗ ಮೇಲಿನವರಿಗೆ ಕುರ್ಚಿ ಸಿಗುತ್ತೆ, ಕೆಳಗೆ ಊರಲ್ಲಿ ನಾವ್ಯಾರು ಅನ್ನೋದೇ ಹೋಗ್ಬಿಡುತ್ತೆ. ಪ್ರತಿ ಸಲ ಇನ್ನೊಬ್ಬರ ಮನೆ ಹೊಸಿಲು ದಾಟುವಾಗ ನಮ್ಮವರಲ್ಲೇ ಒಂದಷ್ಟು ಜನನ ಹೊರಗೆ ಬಿಟ್ಟು ಹೋಗ್ತೀವಿ. ಅವರು ವಾಪಸ್ ಬರಲ್ಲ.

2004ರಲ್ಲಿ 58 ಸೀಟು ಇತ್ತು ನಮ್ಗೆ. ಕಾಂಗ್ರೆಸ್ ಜೊತೆ ಸರ್ಕಾರ ಆಯ್ತು, ಧರಂಸಿಂಗ್ ಮುಖ್ಯಮಂತ್ರಿ, ನಮ್ಮ ಕಡೆಯಿಂದ ಸಿದ್ದರಾಮಯ್ಯ ಉಪಮುಖ್ಯಮಂತ್ರಿ. ಮಾರನೇ ವರ್ಷ ಅವರನ್ನೇ ಹೊರಗೆ ಹಾಕಿದ್ವಿ, ಅವರ ಹಿಂದೆ ಹಿಂದುಳಿದವರ ದೊಡ್ಡ ಗುಂಪೇ ಹೋಯ್ತು. 2006ರಲ್ಲಿ ಬಿಜೆಪಿ ಜೊತೆ 20-20, ಅಂದ್ರೆ ಇಪ್ಪತ್ತು ತಿಂಗಳು ನಮ್ಮ ಮುಖ್ಯಮಂತ್ರಿ, ಇಪ್ಪತ್ತು ತಿಂಗಳು ಅವರ ಮುಖ್ಯಮಂತ್ರಿ ಅನ್ನೋ ಒಪ್ಪಂದ. ಅಧಿಕಾರ ಬಿಟ್ಟುಕೊಡೋ ಸರದಿ ಬಂದಾಗ ನಾವು ಕೈ ಕೊಟ್ಟಿದ್ದು ಕರ್ನಾಟಕದ ಮಗುಗೂ ಗೊತ್ತು, ಯಡಿಯೂರಪ್ಪ ಒಂದು ವಾರ ಮುಖ್ಯಮಂತ್ರಿ ಆಗಿದ್ದು ಅಷ್ಟೇ. ಅವತ್ತಿನ "ವಚನಭ್ರಷ್ಟ" ಅನ್ನೋ ಮಾತು ಇವತ್ತಿಗೂ ನಮ್ಮ ಬೆನ್ನು ಬಿಟ್ಟಿಲ್ಲ. 2008ರಲ್ಲಿ ಬಿಜೆಪಿ 79ರಿಂದ 110, ನಾವು 58ರಿಂದ 28. ಅವರಿಗೆ ಸರ್ಕಾರದ ಬಾಗಿಲು ತೆಗೆದುಕೊಟ್ಟವರು ನಾವು, ಬೀದಿಗೆ ಬಿದ್ದವರೂ ನಾವು.

2018ರ ಕಥೆ ಹೇಳೋಕೆ ಹೊಟ್ಟೆ ಉರಿಯುತ್ತೆ. 37 ಸೀಟು, ಮಂಡ್ಯ ಜಿಲ್ಲೆಲಿ ಏಳಕ್ಕೆ ಏಳೂ ನಮ್ದೇ. ಪ್ರಚಾರದಲ್ಲಿ ನಮ್ಮನ್ನ ಬಿಜೆಪಿಯ "ಬಿ ಟೀಮ್" ಅಂತ ಬೈದ ಕಾಂಗ್ರೆಸ್ಸೇ ನಮ್ಮ ಕುಮಾರಣ್ಣಂಗೆ, ಅಂದ್ರೆ ಎಚ್.ಡಿ. ಕುಮಾರಸ್ವಾಮಿಗೆ, ಮುಖ್ಯಮಂತ್ರಿ ಕುರ್ಚಿ ಕೊಡ್ತು. ಮೇ 23ಕ್ಕೆ ವಿಧಾನಸೌಧದ ಮುಂದೆ ಪ್ರಮಾಣವಚನ, ನಾನೂ ಹೋಗಿ ಶಿಳ್ಳೆ ಹೊಡೆದೆ, ಸುಳ್ಳು ಯಾಕೆ ಹೇಳ್ಲಿ. ಎರಡು ತಿಂಗಳೂ ಆಗ್ಲಿಲ್ಲ, ಅಭಿನಂದನೆ ಸಭೆಲಿ ಕುಮಾರಣ್ಣ ವಿಷಕಂಠನ ಥರ ವಿಷ ನುಂಗ್ತಿದೀನಿ ಅಂತ ಕಣ್ಣೀರು ಹಾಕಿದ್ರು. ಟಿವಿ ಮುಂದೆ ನಮ್ಮಮ್ಮನೂ ಅತ್ತುಬಿಟ್ಳು.

ಅದಕ್ಕಿಂತ ದೊಡ್ಡ ಪೆಟ್ಟು 2019ರ ಲೋಕಸಭೆ ದಿನ, ನಮ್ಮೂರ ಸ್ಕೂಲ್ ಬೂತಲ್ಲಿ ಕಣ್ಣಾರೆ ನೋಡಿದ್ದು. ದೊಡ್ಡಪ್ಪ ಎಂದಿನಂತೆ ರಸ್ತೆ ಪಕ್ಕ ಟೇಬಲ್ ಹಾಕಿ ವೋಟರ್ ಲಿಸ್ಟ್ ಇಟ್ಕೊಂಡು ಕೂತಿದ್ರು. ಮೈತ್ರಿ ಅಂದ್ಮೇಲೆ ಕಾಂಗ್ರೆಸ್ ಹುಡುಗ್ರೂ ಅದೇ ಟೇಬಲ್‌ಗೆ ಬರ್ಬೇಕಿತ್ತು. ಅವರಿಗೆ ಅಂತಾನೇ ಎರಡು ಪ್ಲಾಸ್ಟಿಕ್ ಕುರ್ಚಿ ಜಾಸ್ತಿ ತರಿಸಿದ್ರು. ಸಂಜೆವರೆಗೂ ಆ ಕುರ್ಚಿ ಖಾಲಿ. ಹುಡುಗ್ರೆಲ್ಲ ಎದುರಿಗೆ ಹುಣಸೆಮರದ ಕೆಳಗೆ ನಮ್ಮ ಎದುರಾಳಿ ಸುಮಲತಾ ಅವರ ಕಹಳೆ ಗುರುತಿನ ಚೀಟಿ ಹಂಚ್ತಾ ಇದ್ರು. ಅವರನ್ನ ಬೈದು ಏನ್ ಪ್ರಯೋಜನ? ಪಂಚಾಯ್ತಿಯಿಂದ ಡೈರಿವರೆಗೆ ಇಪ್ಪತ್ತು ವರ್ಷ ನಮ್ಮ ಮೇಲೆ ಗುದ್ದಾಡಿದವರಿಗೆ ಬೆಂಗಳೂರಲ್ಲಿ ಇಬ್ಬರು ಕೈ ಕುಲುಕಿದ್ರು ಅಂತ ಒಂದೇ ರಾತ್ರಿಲಿ ಮನಸು ಬದಲಾಗುತ್ತಾ? ಮಂಡ್ಯದಲ್ಲಿ ನಿಂತಿದ್ದ ಕುಮಾರಣ್ಣನ ಮಗ ನಿಖಿಲ್ ಸುಮಾರು ಒಂದೂಕಾಲು ಲಕ್ಷ ವೋಟಿನಿಂದ ಸೋತ್ರು. ತುಮಕೂರಲ್ಲಿ ಕಾಂಗ್ರೆಸ್ಸಿನ ಹಾಲಿ ಎಂಪಿನ ಬಿಡಿಸಿ ಸೀಟು ತಗೊಂಡ್ರು, ಅಲ್ಲಿ ದೇವೇಗೌಡ್ರೇ ಸೋತ್ರು. ಮಾಜಿ ಪ್ರಧಾನಿ ಕಣ್ರೀ! ಜುಲೈಲಿ ಸರ್ಕಾರವೂ ಬಿತ್ತು, ವಿಶ್ವಾಸಮತದಲ್ಲಿ ಪರ 99, ವಿರೋಧ 105.

2023ಕ್ಕೆ 19 ಸೀಟು. ಏಳು ಇದ್ದ ಮಂಡ್ಯದಲ್ಲಿ ಒಂದು, ಕೆ.ಆರ್.ಪೇಟೆ.

ಅಧಿಕಾರ ಇಲ್ದೆ ಪಕ್ಷ ಉಳಿಯಲ್ಲ, ಕಾರ್ಯಕರ್ತನ ಕೆಲಸ ಆಗ್ಬೇಕಲ್ವಾ ಅಂತ ಗೆಳೆಯರು ಹೇಳ್ತಾರೆ. 2018ರ ಸರ್ಕಾರದಲ್ಲಿ ರೈತರ ಸಾಲಮನ್ನಾ ಆಗಿದ್ದು ನಿಜ, ನಮ್ಮನೆದೂ ಆಯ್ತು, ಆ ಋಣ ಮರೆಯಲ್ಲ. ಆದ್ರೆ ಆ ಸಾಲಮನ್ನಾಕ್ಕೆ ವೋಟು ಬಂತಾ? ಬರ್ಲಿಲ್ಲ. ಒಳ್ಳೇದಾದ್ರೆ ಮೈತ್ರಿಯ ದೊಡ್ಡಣ್ಣ ತನ್ನ ಹೆಸರು ಬರೀತಾನೆ, ಕೆಟ್ಟದ್ದಕ್ಕೆ ನಾವೊಬ್ರೇ ಹೊಣೆ. 2024ರ ಲೋಕಸಭೆಲಿ ಬಿಜೆಪಿ ಜೊತೆ ಸೇರಿ ಮೂರಕ್ಕೆ ಎರಡು ಗೆದ್ವಲ್ಲ, ಕುಮಾರಣ್ಣ ಕೇಂದ್ರ ಮಂತ್ರಿ ಆದ್ರಲ್ಲ ಅಂತೀರಾ? ಅದೇ ವರ್ಷ ಅವರು ಬಿಟ್ಟ ಚನ್ನಪಟ್ಟಣದಲ್ಲಿ ನಿಖಿಲ್ ಸೋತಿದ್ದೂ ನೆನಪಿರಲಿ. ಈ ಮೈತ್ರಿ ಬೇಡ ಅಂದ ರಾಜ್ಯಾಧ್ಯಕ್ಷ ಇಬ್ರಾಹಿಂ ಅವರನ್ನೇ ತೆಗೆದ್ರು. ನಮ್ಮೂರ ಸಾಬರ ಬೀದಿಲಿ ದೊಡ್ಡಪ್ಪನ ಜೊತೆ ಮನೆಮನೆಗೆ ತಿರುಗ್ತಿದ್ದ ಯಜಮಾನ್ರು ಈಗ ಎದುರು ಸಿಕ್ರೆ ಸಲಾಂ ಹೇಳಿ ಸುಮ್ನೆ ಮುಂದೆ ಹೋಗ್ತಾರೆ. ಜಗಳ ಆಡಿದ್ರೂ ಎಷ್ಟೋ ಚೆನ್ನಾಗಿತ್ತು ಅಂತಾರೆ ದೊಡ್ಡಪ್ಪ.

ಹರಿಯಾಣ ನೋಡಿ, ಜೆಜೆಪಿ ಅನ್ನೋ ಸಣ್ಣ ಪಕ್ಷದ ದುಷ್ಯಂತ್ ಚೌಟಾಲಾ 2019ರಲ್ಲಿ 10 ಸೀಟು ಹಿಡ್ಕೊಂಡು ಬಿಜೆಪಿ ಜೊತೆ ಉಪಮುಖ್ಯಮಂತ್ರಿ ಆದ್ರು. ರೈತರು ದೆಹಲಿ ಗಡಿಲಿ ಕೂತಾಗ್ಲೂ ಸರ್ಕಾರ ಬಿಡ್ಲಿಲ್ಲ. 2024ಕ್ಕೆ ಸೊನ್ನೆ, ಅವರ ಸ್ವಂತ ಸೀಟೂ ಹೋಯ್ತು. ರೈತರ ಹೆಸರಲ್ಲಿ ಬೆಳೆದ ಪಕ್ಷಕ್ಕೆ ರೈತರೇ ಕೊಟ್ಟ ಉತ್ತರ ಅದು.

ಮೈತ್ರಿ ಮಾಡಲೇಬೇಕು ಅಂದ್ರೆ ಹೊರಗಿನಿಂದ ಬೆಂಬಲ ಕೊಡಿ, ರೈತರ ನಾಲ್ಕು ಕೆಲಸ ಬರೆಸ್ಕೊಂಡು ಕೊಡಿ, ಪಕ್ಷ ಕಟ್ಟೋಕೆ ಅಂತ ಒಬ್ಬ ಲೀಡರ್ ಆದ್ರೂ ಮಂತ್ರಿಗಿರಿ ಮುಟ್ಟದೆ ಊರೂರು ತಿರುಗ್ಲಿ. ಇದನ್ನ ಯಾವ ಸಭೇಲಿ ಹೇಳಿದ್ರೂ ನಿಂಗೆ ರಾಜಕೀಯ ಗೊತ್ತಿಲ್ಲ ಸುಮ್ನಿರು ಅಂತಾರೆ.

ಊಟ ಮುಗಿಸಿ ವಾಪಸ್ ಬಸ್ ಸ್ಟಾಪ್‌ಗೆ ಬಿಡೋಕೆ ಬಂದಾಗ ದೊಡ್ಡಪ್ಪ ಮತ್ತೆ ಆ ಫ್ಲೆಕ್ಸ್ ಹತ್ರ ನಿಂತ್ರು. ಮೂಲೆ ಹಗ್ಗ ಬಿಚ್ಕೊಂಡು ತೆನೆ ಹೆಂಗಸಿನ ಕಡೆ ಮಡಚಿಕೊಂಡಿತ್ತು. ಬಿಡಿಸಿ, ಎಳೆದು, ಕಂಬಕ್ಕೆ ಎರಡು ಗಂಟು ಹಾಕಿ ಬಿಗಿಯಾಗಿ ಕಟ್ಟಿದ್ರು. ಬಸ್ ಬಂತು, ಹತ್ತಿಬಿಟ್ಟೆ.