ಲಕ್ಕುಂಡಿಯನ್ನು ಗದಗಿನ ‘ಸಮೀಪದ ಸ್ಥಳ’ ಎನ್ನಬೇಡಿ

‘ಗದಗಿನ ಸಮೀಪದ ಪ್ರೇಕ್ಷಣೀಯ ಸ್ಥಳಗಳು’ ಎಂಬ ತಲೆಬರಹದ ಕೆಳಗೆ ಲಕ್ಕುಂಡಿಯ ಹೆಸರು ಕಂಡಾಗಲೆಲ್ಲ ನನಗೆ ರೇಗುತ್ತದೆ. ಸಮೀಪ ಎನ್ನುವುದರಲ್ಲಿ ಸುಳ್ಳೇನೂ ಇಲ್ಲ. ಗದಗಿನಿಂದ ಕೊಪ್ಪಳದ ಹೆದ್ದಾರಿಯಲ್ಲಿ ಪೂರ್ವಕ್ಕೆ 11–12 ಕಿಲೊಮೀಟರ್ ಹೋದರೆ ಲಕ್ಕುಂಡಿ. ಬಸ್ಸಿನಲ್ಲಿ ಕುಳಿತು, ಟಿಕೆಟ್ ಪಡೆದು, ಪಕ್ಕದವರ ಮಗಳ ಮದುವೆಯ ಸುದ್ದಿ ಅರ್ಧ ಕೇಳುವಷ್ಟರಲ್ಲಿ ಊರು ಬಂದಿರುತ್ತದೆ. ರೇಗುವುದು ಆ ತಲೆಬರಹದೊಳಗಿರುವ ದೊಡ್ಡಸ್ತಿಕೆಗೆ. ಗದಗ ಎಂದರೆ ಊರು, ಲಕ್ಕುಂಡಿ ಎಂದರೆ ಅದರ ಪಕ್ಕದಲ್ಲಿರುವ ನೋಟದ ವಸ್ತು. ನೆಂಟರು ಬಂದರೆ ಭಾನುವಾರ ಬೆಳಿಗ್ಗೆ ಕರೆದುಕೊಂಡು ಹೋಗಿ, ಎರಡು ಗುಡಿ ತೋರಿಸಿ, ಬಾವಿಯ ಮುಂದೆ ಫೋಟೊ ತೆಗೆಸಿ, ಮಧ್ಯಾಹ್ನದ ಊಟಕ್ಕೆ ವಾಪಸು ಬರಬೇಕಾದ ಜಾಗ.

ನನ್ನ ತಾಯಿಯ ತವರು ಲಕ್ಕುಂಡಿ, ನಾನು ಬೆಳೆದದ್ದು ಗದಗಿನಲ್ಲಿ. ಆದ್ದರಿಂದ ಪಕ್ಷಪಾತ ಇಲ್ಲವೆಂದು ಹೇಳಲಾರೆ, ಇದ್ದರೆ ಎರಡೂ ಕಡೆಗೆ ಇದೆ. ಇವು ಎರಡು ಊರುಗಳೆಂದು ನನಗೆ ಎಂದೂ ಅನ್ನಿಸಿಲ್ಲ. ಒಂದೇ ಊರಿನ ಎರಡು ತುದಿಗಳು. ಹಣ ಮತ್ತು ಅಧಿಕಾರ ಒಮ್ಮೆ ಆ ತುದಿಯಲ್ಲಿದ್ದವು, ಈಗ ಈ ತುದಿಯಲ್ಲಿವೆ.

ಬೆಳ್ವೊಲ ಮುನ್ನೂರು ಎಂದು ಶಾಸನಗಳು ಕರೆಯುವ ನಾಡಿನಲ್ಲಿ ಎರಡೂ ಇದ್ದವು. ಲಕ್ಕುಂಡಿಗೆ ಆಗ ಲೊಕ್ಕಿಗುಂಡಿ ಎಂದು ಹೆಸರು, ಅದು ದುಡ್ಡಿನ ಊರು, ಅಕ್ಷರಶಃ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲಿ ಟಂಕಸಾಲೆ ಇತ್ತು. ದತ್ತಿ ಕೊಟ್ಟವರು ಎಷ್ಟು ಹೊನ್ನು ಎಂದು ಬರೆಸುವಾಗ ‘ಲೊಕ್ಕಿ ಗದ್ಯಾಣ’ ಎಂದು ಬರೆಸುತ್ತಿದ್ದರು, ಆ ನಾಣ್ಯಕ್ಕೆ ಅಷ್ಟು ಬೆಲೆ. ಅತ್ತಿಮಬ್ಬೆ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ್ದು ಇಂಥ ಊರಿನಲ್ಲಿ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ, ರನ್ನನಿಗೆ ಆಸರೆಯಾಗಿದ್ದ ಹೆಣ್ಣುಮಗಳು ಅವಳು. ಆಕೆಯನ್ನು ‘ದಾನಚಿಂತಾಮಣಿ’ ಎಂದು ಹೊಗಳುವಾಗ ನಾವು ದಾನಬುದ್ಧಿಯನ್ನು ಮಾತ್ರ ನೆನೆಯುತ್ತೇವೆ. ಸಾವಿರ ಓಲೆ ಪ್ರತಿಗಳೆಂದರೆ ಲಿಪಿಕಾರರು, ಅವರ ಊಟ, ಕೂಲಿ, ಓಲೆಯ ಖರೀದಿ, ಸಾಗಣೆ. ದಾನಕ್ಕೆ ಮನಸ್ಸಿನಷ್ಟೇ ನಗದೂ ಬೇಕು, ನಗದಿನ ಊರು ಇದಾಗಿತ್ತು.

ಗದಗ ಆಗ ಬೇರೆಯದೇ ಕೆಲಸದಲ್ಲಿತ್ತು. ಅದು ಅಗ್ರಹಾರ, ವಿದ್ಯೆಯ ಮತ್ತು ಮಠದ ಊರು. ಅಲ್ಲಿಯ ತ್ರಿಕೂಟೇಶ್ವರ ಗುಡಿಯಲ್ಲಿ ಕಾಳಾಮುಖ ಶೈವ ಆಚಾರ್ಯರ ಪರಂಪರೆ ಗಟ್ಟಿಯಾಗಿ ನೆಲೆಯೂರಿತ್ತು. ಒಂದೇ ಪೀಠದ ಮೇಲೆ ಮೂರು ಲಿಂಗಗಳಿರುವ ಗರ್ಭಗುಡಿ, ಅದೇ ಆವರಣದಲ್ಲಿ ಸರಸ್ವತಿಯ ಗುಡಿ. ಆ ಸರಸ್ವತಿ ಗುಡಿಯ ಕಂಬಗಳನ್ನು ಒಮ್ಮೆ ನೋಡಿ, ಆಮೇಲೆ ಲಕ್ಕುಂಡಿಯ ಕಾಶಿವಿಶ್ವೇಶ್ವರದ ಬಾಗಿಲುವಾಡವನ್ನು ನೋಡಿ. ಬಳಪದ ಕಲ್ಲನ್ನು ಅಷ್ಟು ಸಣ್ಣಗೆ, ಅಷ್ಟು ಆಳಕ್ಕೆ ಕೊರೆದ ಕೈಗಳು ಒಂದೇ ಪಾಠಶಾಲೆಯವು ಎಂದು ಹೇಳಲು ವಾಸ್ತುಶಾಸ್ತ್ರ ಓದಬೇಕಾಗಿಲ್ಲ, ಕಣ್ಣಿದ್ದರೆ ಸಾಕು.

ಈ ಎರಡು ತುದಿಗಳು ಹೇಗೆ ಸೇರಿ ನಡೆಯುತ್ತಿದ್ದವು ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗವಿದೆ. ಚಾಲುಕ್ಯರು ಕುಸಿಯುತ್ತಿದ್ದಾಗ ಈ ನಾಡಿಗಾಗಿ ಉತ್ತರದಿಂದ ಸೇವುಣರ (ದೇವಗಿರಿಯ ಯಾದವರ) ಭಿಲ್ಲಮ, ದಕ್ಷಿಣದಿಂದ ಹೊಯ್ಸಳರ ಎರಡನೆಯ ವೀರಬಲ್ಲಾಳ ಬಡಿದಾಡಿದರು. ಗದಗ ತಾಲ್ಲೂಕಿನ ಸೊರಟೂರಿನ ಕಾಳಗ ಇದೇ ಜಗಳದ್ದು, ಲಕ್ಕುಂಡಿಯ ಕಾಳಗವೂ ಇದರದ್ದೇ. 1191ರಲ್ಲಿ ಭಿಲ್ಲಮ ಗದಗಿನ ತ್ರಿಕೂಟೇಶ್ವರಕ್ಕೆ ದತ್ತಿ ಬಿಟ್ಟ. ಮರುವರ್ಷವೇ, 1192ರಲ್ಲಿ, ಅವನನ್ನು ಸೋಲಿಸಿದ ಬಲ್ಲಾಳ ಲೊಕ್ಕಿಗುಂಡಿಯಲ್ಲಿ ಬೀಡುಬಿಟ್ಟು, ಅಲ್ಲಿಂದಲೇ ಅದೇ ತ್ರಿಕೂಟೇಶ್ವರಕ್ಕೆ ತನ್ನ ದತ್ತಿ ಬಿಟ್ಟ. ಎರಡನ್ನೂ ಪಡೆದ ಗುರು ಒಬ್ಬನೇ, ಸಿದ್ಧಾಂತಿ ಚಂದ್ರಭೂಷಣ ಪಂಡಿತ.

ಇಲ್ಲಿ ಸ್ವಲ್ಪ ನಿಲ್ಲಬೇಕು. ರಾಜರು ಬದಲಾದರು, ಸೈನ್ಯಗಳು ಬಂದು ಹೋದವು, ಆಚಾರ್ಯರು ಕುಳಿತಲ್ಲಿಂದ ಏಳಲಿಲ್ಲ. ಗೆದ್ದವನು ಸೋತವನ ಗುರುವನ್ನು ಓಡಿಸಲಿಲ್ಲ, ಅವನಿಗಿಂತ ಕಡಿಮೆ ಕೊಟ್ಟರೆ ಮಾನ ಹೋದೀತೆಂಬಂತೆ ತಾನೂ ಕೊಟ್ಟ. ನನಗೆ ತೋರುವುದು ಇಷ್ಟು: ಈ ಸೀಮೆಯನ್ನು ಆಳಬೇಕೆಂದವನು ಲಕ್ಕುಂಡಿಯನ್ನು ಹಿಡಿಯಬೇಕಿತ್ತು, ಆಳುವುದಕ್ಕೆ ತನಗೆ ಹಕ್ಕಿದೆಯೆಂದು ತೋರಿಸಬೇಕಾದವನು ಗದಗಿಗೆ ಕೈಮುಗಿಯಬೇಕಿತ್ತು. ಒಂದು ಕಡೆ ಕತ್ತಿ ಮತ್ತು ಹಣ, ಇನ್ನೊಂದು ಕಡೆ ಒಪ್ಪಿಗೆಯ ಮುದ್ರೆ. ಒಂದಿಲ್ಲದೆ ಇನ್ನೊಂದು ಅರ್ಧ. ಬಲ್ಲಾಳನ ಲಕ್ಕುಂಡಿಯನ್ನು ಪ್ರವಾಸೋದ್ಯಮದ ಹಾಳೆಯಲ್ಲಿಯೂ ತ್ರಿಕೂಟೇಶ್ವರದ ಶಾಸನವನ್ನು ‘ಗದಗಿನ ಇತಿಹಾಸ’ ಎಂಬ ಬೇರೆ ಅಧ್ಯಾಯದಲ್ಲಿಯೂ ಓದಿದರೆ ಈ ಸಂಗತಿ ಎಂದಿಗೂ ಕಾಣುವುದಿಲ್ಲ. ನಾವು ಶಾಲೆಯಲ್ಲಿ ಓದಿದ್ದು ಹಾಗೆಯೇ. ಹೊಯ್ಸಳರೆಂದರೆ ಬೇಲೂರು, ಹಳೇಬೀಡು. ಅವರ ರಾಜ ನಮ್ಮ ಬಸ್ ದಾರಿಯಲ್ಲೇ ಬೀಡುಬಿಟ್ಟಿದ್ದನೆಂದು ಯಾವ ಮೇಷ್ಟರೂ ಹೇಳಲಿಲ್ಲ.

ಮುಂದೆ ಸೀಮೆ ಮತ್ತೆ ಸೇವುಣರ ಕೈಗೆ ಹೋಯಿತು, ಆಮೇಲಿನ ಶತಮಾನಗಳಲ್ಲಿ ಲಕ್ಕುಂಡಿ ಸೊರಗುತ್ತಾ ಬಂತು. ಗದಗ ಬದುಕಿಕೊಂಡಿತು. ಕೋಳಿವಾಡದ ನಾರಣಪ್ಪ ವೀರನಾರಾಯಣನ ಗುಡಿಯಲ್ಲಿ ಕಂಬಕ್ಕೆ ಒರಗಿ ಕುಮಾರವ್ಯಾಸನಾದ. ಆ ಕಂಬವನ್ನು ಇವತ್ತಿಗೂ ತೋರಿಸುತ್ತಾರೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಾನು ನಂಬುತ್ತೇನೆ. ಆದರೆ ತಕ್ಕಡಿ ಪೂರ್ತಿ ಗದಗಿನ ಕಡೆಗೆ ವಾಲಿದ್ದು ಕಾವ್ಯದಿಂದಲ್ಲ, 1880ರ ದಶಕದಲ್ಲಿ ಬಂದ ರೈಲಿನಿಂದ. ಹೋಟಗಿಯಿಂದ ವಿಜಯಪುರದ ಮೇಲೆ ಇಳಿದ ಹಳಿ, ಗುಂತಕಲ್ಲು–ಹುಬ್ಬಳ್ಳಿ ನಡುವಿನ ಹಳಿ ಎರಡೂ ಗದಗಿನಲ್ಲಿ ಕೂಡಿದವು. ಎರೆ ಭೂಮಿಯ ಹತ್ತಿ ಗದಗಿನ ಪೇಟೆಗೆ ಬಂತು, ಅದರ ಹಿಂದೆ ಜಿನ್ನಿಂಗ್, ದಲಾಲಿ ಅಂಗಡಿ, ಮುದ್ರಣಾಲಯ. ಪಕ್ಕದ ಮಗ್ಗಗಳ ಊರು ಬೆಟಗೇರಿ ಗದಗಿನ ಜೊತೆಗೆ ಸೇರಿ ಅವಳಿ ನಗರವಾಯಿತು. ಕೊಪ್ಪಳದತ್ತ ಹೊರಟ ರೈಲು ಲಕ್ಕುಂಡಿಯನ್ನು ಮುಟ್ಟದೆ ಕಣಗಿನಹಾಳ, ಹರ್ಲಾಪುರದ ಮೇಲೆ ಹೋಯಿತು. (ಆ ಕಣಗಿನಹಾಳದಲ್ಲೇ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿಸಿದರು. ಅದನ್ನೂ ನಾವು ರೈಲಿನ ಕಿಟಕಿಯಿಂದ ನೋಡಿ ಮರೆಯುತ್ತೇವೆ.) 1997ರಲ್ಲಿ ಗದಗ ಜಿಲ್ಲಾ ಕೇಂದ್ರವಾಯಿತು. ನಾಣ್ಯ ಅಚ್ಚು ಹಾಕುತ್ತಿದ್ದ ಊರು ಪಹಣಿ ಪತ್ರಕ್ಕೆ ಗದಗಿನ ಕಚೇರಿಯಲ್ಲಿ ಸಾಲು ನಿಲ್ಲತೊಡಗಿತು.

ಇಷ್ಟು ಇತಿಹಾಸವಾಯಿತು. ನಾನು ಈ ಬರಹಕ್ಕೆ ಕುಳಿತದ್ದು ಮುಖ್ಯವಾಗಿ ನೀರಿನ ಮಾತು ಹೇಳಲು.

ಗದಗಿನ ಭೂಗೋಳ ವಿಚಿತ್ರ. ಜಿಲ್ಲೆಯ ಉತ್ತರದಲ್ಲಿ ಮಲಪ್ರಭೆ, ದಕ್ಷಿಣದಲ್ಲಿ ತುಂಗಭದ್ರೆ, ನಡುವಿನ ನಮಗೆ ಯಾವ ಹೊಳೆಯೂ ಇಲ್ಲ. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದೂ ಮುನಿಸಿಕೊಂಡರೆ ಇಲ್ಲ. ತೆಂಕಣದಲ್ಲಿ ಕಪ್ಪತಗುಡ್ಡ ಇರುವುದರಿಂದ ಗಾಳಿ ಮಾತ್ರ ಧಾರಾಳ, ಅದಕ್ಕೇ ಎಲ್ಲೆಲ್ಲೂ ಗಾಳಿಯಂತ್ರಗಳು. 2011ರ ಜನಗಣತಿಯಲ್ಲೇ 1.72 ಲಕ್ಷ ಮುಟ್ಟಿದ್ದ ಅವಳಿ ನಗರ ತುಂಗಭದ್ರೆಯಿಂದ ಕೊಳವೆಯಲ್ಲಿ ಬರುವ ನೀರನ್ನು ನಂಬಿ ಕುಳಿತಿದೆ. ಬೇಸಿಗೆಯಲ್ಲಿ ನಲ್ಲಿ ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಬಂದರೆ ಅದೇ ಹಬ್ಬ. ನಲ್ಲಿ ಬರುವ ದಿನ ಮದುವೆಗೂ ರಜೆ, ಕೆಲಸಕ್ಕೂ ರಜೆ. ಮನೆಯ ಪ್ರತಿ ಪಾತ್ರೆ, ಅಡುಗೆಮನೆಯ ಚರಿಗೆ ಕೂಡ, ತುಂಬಿ ಕೂರಬೇಕು. ಗದಗಿನ ಹುಡುಗಿಯನ್ನು ಬೇರೆ ಊರಿಗೆ ಕೊಟ್ಟರೆ ಅವಳು ಮೊದಲು ಕೇಳುವ ಪ್ರಶ್ನೆ ‘ನೀರು ಎಷ್ಟು ದಿನಕ್ಕೊಮ್ಮೆ?’ ಎಂದು ನಮ್ಮ ಮನೆಯಲ್ಲಿ ನಗೆಯಾಡುತ್ತಾರೆ.

ಅದೇ ಮಳೆ, ಅದೇ ಮಣ್ಣು, ಹನ್ನೆರಡು ಕಿಲೊಮೀಟರಿನ ಆಚೆ ‘ನೂರೊಂದು ಗುಡಿ, ನೂರೊಂದು ಬಾವಿ’ ಎಂದು ಜನ ಹೇಳುವ ಊರಿದೆ. ಲೆಕ್ಕ ಸರಿಯೋ ತಪ್ಪೋ, ಗುಡಿಯೊಂದಕ್ಕೆ ಬಾವಿಯೊಂದು ಎಂಬ ಲೆಕ್ಕಾಚಾರ ಅದರಲ್ಲಿದೆ. ಮಾಣಿಕೇಶ್ವರದ ಮಗ್ಗುಲಿನ ಮುಸುಕಿನ ಬಾವಿ, ಕನ್ನೆ ಬಾವಿ, ಛಟೀರ್ ಬಾವಿ ಇವುಗಳ ಹೆಸರನ್ನಾದರೂ ಎಲ್ಲರೂ ಕೇಳಿರುತ್ತಾರೆ. ಮುಸುಕಿನ ಬಾವಿಗೆ ಇಳಿಯುವಾಗ ಮೆಟ್ಟಿಲುಗಳ ನಡುವೆ ಇಟ್ಟ ಪುಟ್ಟ ಗೂಡುಗುಡಿಗಳನ್ನು ಎಲ್ಲರೂ ನೋಡುತ್ತಾರೆ, ಮೊಬೈಲಿನಲ್ಲಿ ಹಿಡಿಯುತ್ತಾರೆ. ಗೋಡೆಯನ್ನು ಯಾರೂ ನೋಡುವುದಿಲ್ಲ. ಎರೆ ಮಣ್ಣು ಮಳೆಗೆ ಹಿಗ್ಗುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅಂಥ ಮಣ್ಣಿನಲ್ಲಿ ತೋಡಿದ ಗುಂಡಿ ಎರಡು ಮಳೆಗಾಲ ನಿಲ್ಲುವುದಿಲ್ಲ. ಮೆಟ್ಟಿಲುಮೆಟ್ಟಿಲಾಗಿ ಒಳಕ್ಕೆ ಸರಿಯುವ ಆ ಕಲ್ಲಿನ ಕಟ್ಟು ಮಣ್ಣಿನ ಒತ್ತಡವನ್ನು ಹಂತಹಂತವಾಗಿ ಹೊರುತ್ತದೆ. ನೀರು ಮೇಲಿದ್ದರೆ ಮೇಲಿನ ಮೆಟ್ಟಿಲಲ್ಲಿ, ಇಳಿದರೆ ಕೆಳಗಿನ ಮೆಟ್ಟಿಲಲ್ಲಿ ಕೊಡ ಮುಳುಗಿಸಬಹುದು. ಎಷ್ಟು ನೀರು ಉಳಿದಿದೆ ಎಂದು ಇಡೀ ಊರಿಗೆ ಬರಿಗಣ್ಣಿಗೆ ಕಾಣುತ್ತದೆ. ಕೊಳವೆಬಾವಿಯಲ್ಲಿ ಇಲ್ಲದ್ದು ಇದೇ: ಅದು ಬತ್ತುವ ಹಿಂದಿನ ದಿನದವರೆಗೂ ಯಾರಿಗೂ ಏನೂ ತಿಳಿಸುವುದಿಲ್ಲ. ಆಳಕ್ಕಿಳಿದಂತೆ ನಮ್ಮ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಫ್ಲೋರೈಡ್ ಬೇರೆ.

ಲಕ್ಕುಂಡಿಯ ಬಾವಿಗಳಿಂದ ಗದಗಿನ ನಲ್ಲಿ ತುಂಬಿಸಬಹುದು ಎಂದು ನಾನು ಹೇಳುತ್ತಿಲ್ಲ, ಅಷ್ಟು ಹುಚ್ಚು ಹಿಡಿದಿಲ್ಲ. ಹೇಳುವುದು ಇಷ್ಟೆ: ಹೊಳೆಯಿಲ್ಲದ ಈ ಎರೆಯ ಮೇಲೆ ಬಿದ್ದ ನೀರನ್ನು ಬಿದ್ದಲ್ಲೇ ಹಿಡಿದು ಬದುಕಿದ ಊರೊಂದು ಪಕ್ಕದಲ್ಲೇ ಇದೆ. ಆ ವಿದ್ಯೆಯನ್ನು ನಗರ ಶಿಲ್ಪಕಲೆಯೆಂದು ಮೆಚ್ಚಿತು, ನೀರಿನ ವ್ಯವಸ್ಥೆಯೆಂದು ಒಮ್ಮೆಯೂ ಕಣ್ಣೆತ್ತಿ ನೋಡಲಿಲ್ಲ. ಗದಗಿನಲ್ಲೂ ಹಳೆಯ ಬಾವಿಗಳಿದ್ದವು. ನನ್ನ ಓಣಿಯದು ಕಸ ತುಂಬಿ ಮುಚ್ಚಿಹೋಗಿದೆ, ಮೇಲೆ ಪಾನ್ ಅಂಗಡಿ ಬಂದಿದೆ.

ಈಗ ಲಕ್ಕುಂಡಿಗೆ ಒಳ್ಳೆಯ ದಿನಗಳು ಬರುತ್ತಿವೆ ಎನ್ನುತ್ತಾರೆ. ಉತ್ಸವಗಳಾಗಿವೆ, ಪಾರಂಪರಿಕ ಪ್ರದೇಶದ ಪ್ರಾಧಿಕಾರವಿದೆ, 2024ರ ಕೊನೆಯಲ್ಲಿ ಮನೆಮನೆಗೆ ಹೋಗಿ ಚದುರಿದ ಶಿಲ್ಪ, ಶಾಸನಗಳನ್ನು ಒಟ್ಟುಗೂಡಿಸುವ ಕೆಲಸವೂ ನಡೆಯಿತು. ಸಂತೋಷ. ನಮ್ಮ ಅಜ್ಜಿಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಒಂದು ಮಗ್ಗುಲಿಗೆ ಸಾಲು ಕಮಲದ ಎಸಳುಗಳಿದ್ದವು. ಸಾಬೂನಿನ ನೀರು ಆ ಎಸಳುಗಳ ಸಂದಿನಲ್ಲಿ ಇಳಿದು ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಅದು ಯಾವ ಗುಡಿಯ ಕಲ್ಲೋ, ಅಜ್ಜಿಗೂ ಗೊತ್ತಿರಲಿಲ್ಲ, ಅವರ ಅತ್ತೆಗೂ ಗೊತ್ತಿರಲಿಕ್ಕಿಲ್ಲ. ಇಂಥ ಕಲ್ಲುಗಳು ಮಳೆಬಿಸಿಲಿಗೆ ಸವೆಯುವುದು ತಪ್ಪಿದರೆ ಒಳ್ಳೆಯದೇ. ಆದರೆ ಕಲ್ಲು ಹೋದ ಹಾಗೆ ಜನರನ್ನೂ ಊರಿನಿಂದ ಹೊರಗೆ ಸಾಗಿಸುವ ಯೋಚನೆ ಮಾತ್ರ ಯಾರಿಗೂ ಬಾರದಿರಲಿ. ಗುಡಿಗಳ ಸಂದಿಯಲ್ಲಿ ಮನೆ ಕಟ್ಟಿಕೊಂಡು, ಗುಡಿಯ ಗೋಡೆಗೆ ಎಮ್ಮೆ ಕಟ್ಟಿಕೊಂಡು ಇಷ್ಟು ಶತಮಾನ ಊರನ್ನು ಉಳಿಸಿದವರು ಅವರೇ. ಅವರಿಗೆ ದುರಸ್ತಿಗೆ ಅನುಮತಿ ಬೇಕೆಂದರೆ ಹತ್ತು ಬಾಗಿಲು ಅಲೆಯಬೇಕು. ಬಂದ ಪ್ರವಾಸಿ ಉಳಿಯುವುದು ಗದಗಿನ ಲಾಡ್ಜಿನಲ್ಲಿ, ಉಣ್ಣುವುದು ಗದಗಿನ ಖಾನಾವಳಿಯಲ್ಲಿ, ಗಿರಮಿಟ್ಟು-ಮಿರ್ಚಿ ತಿನ್ನುವುದೂ ಗದಗಿನಲ್ಲೇ. ಲಕ್ಕುಂಡಿಗೆ ಸಿಗುವುದು ವಾಹನ ನಿಲುಗಡೆಯ ಧೂಳು. ಹಣ ಹರಿಯುವ ದಿಕ್ಕು ರೈಲು ಬಂದಾಗ ತಿರುಗಿದ್ದು ಇನ್ನೂ ಹಾಗೆಯೇ ಇದೆ.

ನನ್ನ ಕೈಯಲ್ಲಿ ಯೋಜನೆ ಬರೆಯುವ ಅಧಿಕಾರ ಇದ್ದಿದ್ದರೆ ಮೊದಲು ಒಂದು ಬಾವಿಯನ್ನು, ಒಂದನ್ನೇ, ಹೂಳೆತ್ತಿ, ಅದಕ್ಕೆ ಮಳೆನೀರು ಹರಿದು ಬರುತ್ತಿದ್ದ ದಾರಿಯನ್ನು ಬಿಡಿಸಿ, ಊರಿನ ಬಳಕೆಗೆ ಕೊಟ್ಟುಬಿಡುತ್ತಿದ್ದೆ. ಬೇಲಿ ಹಾಕಿ, ಫಲಕ ನೆಟ್ಟು ಸುಮ್ಮನಾಗುತ್ತಿರಲಿಲ್ಲ. ಗದಗಿನ ಶಾಲೆಗಳ ಮಕ್ಕಳನ್ನು ಬೆಳಿಗ್ಗೆ ತ್ರಿಕೂಟೇಶ್ವರಕ್ಕೆ, ಮಧ್ಯಾಹ್ನ ಲಕ್ಕುಂಡಿಗೆ ಒಂದೇ ದಿನ ಕರೆದೊಯ್ದು ಭಿಲ್ಲಮ-ಬಲ್ಲಾಳರ ಕಥೆಯನ್ನು ಆ ದಾರಿಯಲ್ಲೇ ಹೇಳಿಸುತ್ತಿದ್ದೆ. ಲಕ್ಕುಂಡಿಯ ಹತ್ತು ಮನೆಗಳಿಗೆ ಅತಿಥಿಗಳನ್ನು ಇಟ್ಟುಕೊಳ್ಳಲು ನೆರವು ಕೊಡಿಸುತ್ತಿದ್ದೆ, ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯಕ್ಕೆ ಅಲ್ಲಿ ಕೊರತೆಯಿಲ್ಲ. ದುಬಾರಿ ಕೆಲಸ ಇದರಲ್ಲಿ ಯಾವುದೂ ಅಲ್ಲ.

ಅಧಿಕಾರ ಇಲ್ಲ, ಫೇಸ್‌ಬುಕ್ ಇದೆ. ಹಾಗಾಗಿ ಒಂದು ಕೋರಿಕೆ. ಲಕ್ಕುಂಡಿಯ ಹಿರಿಯರು, ಅಲ್ಲಿಂದ ಗದಗ, ಹುಬ್ಬಳ್ಳಿ, ಬೆಂಗಳೂರಿಗೆ ಹೋಗಿ ನೆಲೆಸಿದವರು ಇದನ್ನು ಓದುತ್ತಿದ್ದರೆ, ನಿಮ್ಮ ಓಣಿಯ ಬಾವಿ ಯಾವುದು, ಅದರ ನೀರನ್ನು ಮನೆಗೆ ತರುತ್ತಿದ್ದುದು ಸುಮಾರು ಯಾವ ವರ್ಷದವರೆಗೆ, ಕುಡಿಯಲು ಯಾವುದು, ದನಕ್ಕೆ ಯಾವುದು, ಮಳೆಗಾಲದಲ್ಲಿ ನೀರು ಯಾವ ಕಡೆಯಿಂದ ಹರಿದು ಬರುತ್ತಿತ್ತು ಎಂದು ನೆನಪಿದ್ದಷ್ಟು ಬರೆದು ಕಳುಹಿಸಿ. ಬಾವಿಯ ಕೆತ್ತನೆಯ ಫೋಟೊ ಬೇಡ, ಅವು ನನ್ನ ಬಳಿ ರಾಶಿಗಟ್ಟಲೆ ಇವೆ.