ಗೀರು ಬಿದ್ದ ಸಂಸಾರ

ಪ್ಯಾಕರ್ಸ್ ಅಂಡ್ ಮೂವರ್ಸ್ ಎಂಬ ವರ್ಗಕ್ಕಿರುವ ದಿವ್ಯದೃಷ್ಟಿಯನ್ನು ನಮ್ಮ ಸಮಾಜ ಇನ್ನೂ ಗುರುತಿಸಿಲ್ಲ. ಜ್ಯೋತಿಷಿಯಾದವನು ಮುಂದೆ ಕಂಟಕವಿದೆ ಎಂದಷ್ಟೇ ಹೇಳಿ ದಕ್ಷಿಣೆ ಪಡೆಯುತ್ತಾನೆ. ಆದರೆ ನಾನು ನಿವೃತ್ತನಾಗಿ ಬೆಂಗಳೂರಿನ ಬಾಡಿಗೆ ಮನೆಯಿಂದ ಧಾರವಾಡಕ್ಕೆ ಹೊರಟ ದಿನ ಬಂದ ಸೂಪರ್‌ವೈಸರ್ ಮಹಾಶಯರು, ಲಾರಿ ಇನ್ನೂ ಬೀದಿಯ ತಿರುವಿನಲ್ಲಿ ಹಿಂದೆ ಮುಂದೆ ಮಾಡುತ್ತಿರುವಾಗಲೇ, ಯಾವ ಸಾಮಾನಿಗೆ ಯಾವ ಗತಿ ಒದಗಲಿದೆ ಎಂಬುದನ್ನು ಕಾರ್ಬನ್ ಪ್ರತಿಯ ಸಮೇತ ಬರೆದು ಮುಗಿಸಿದ್ದರು. ಫ್ರಿಜ್: ಹಳೆಯದು, ಗೀರು ಬಿದ್ದಿದೆ. ತೇಗದ ಮಂಚ: ಹಳೆಯದು, ಗೀರು ಬಿದ್ದಿದೆ. ಹತ್ತಿಯ ಹಾಸಿಗೆ: ಹಳೆಯದು, ಗೀರು ಬಿದ್ದಿದೆ. ಅಜ್ಜಿಯ ಕಾಲದ ರುಬ್ಬುವ ಕಲ್ಲಿಗೂ ಅದೇ ಷರಾ. “ಅಲ್ಲಪ್ಪಾ, ಕಲ್ಲಿಗೆ ಎಂಥ ಗೀರು?” ಎಂದು ಕೇಳಿದೆ. “ಅದೆಲ್ಲ ಫಾರ್ಮಾಲಿಟಿ ಸಾರ್, ಸೈನ್ ಹಾಕಿ” ಎಂದರು. ಹಾಕಿದೆ.

ರಸೀದಿಯ ಹಿಂಬದಿಯಲ್ಲಿ ಇರುವೆಯ ಸಾಲಿನಂತೆ ಮುದ್ರಿಸಿದ್ದ ಷರತ್ತುಗಳನ್ನು ಓದೋಣವೆಂದರೆ ಭೂತಗನ್ನಡಿ ಆಗಲೇ ಪೆಟ್ಟಿಗೆ ಸೇರಿತ್ತು.

ಧಾರವಾಡದ ಮನೆಯ ಮುಂದೆ ಲಾರಿ ಬಂದು ನಿಂತಿತು, ಆದರೆ ಹಗ್ಗ ಬಿಚ್ಚಲಿಲ್ಲ. ಓಣಿ ಸಣ್ಣದು, ಮನೆ ಮಹಡಿಯ ಮೇಲಿದೆ, ಆದ್ದರಿಂದ ಇನ್ನೂ 8,000 ರೂಪಾಯಿ ಆಗುತ್ತದೆ ಎಂದು ಚಾಲಕ ತಿಳಿಸಿದ. ಓಣಿಯ ಫೋಟೊವನ್ನೂ ಮೆಟ್ಟಿಲುಗಳ ಲೆಕ್ಕವನ್ನೂ ವಾರದ ಮೊದಲೇ ಕಳುಹಿಸಿದ್ದೆನೆಂಬ ನನ್ನ ವಾದಕ್ಕೆ ಅವನು ತಾಳ್ಮೆಯಿಂದ ಕಿವಿಗೊಟ್ಟು, ಆಫೀಸಿನಿಂದ ಫೋನ್ ಬರುವ ತನಕ ತಾನು ನಿಸ್ಸಹಾಯಕನೆಂದು ಹೇಳಿ ಚಹಾ ಕುಡಿಯಲು ಹೋದ. ನಮ್ಮ ಮೂವತ್ತು ವರ್ಷದ ಸಂಸಾರ ತಾಡಪಾಲಿನ ಅಡಿಯಲ್ಲಿ ಒತ್ತೆಯಾಳಾಗಿ ಕುಳಿತಿತ್ತು. ಪಕ್ಕದ ಮನೆಯವರು ಮೋಡ ನೋಡಿ, “ಕೊಟ್ಟ ಬಿಡ್ರಿ ಸರ, ಮಳಿ ಬರೂ ಹಂಗ ಐತಿ” ಎಂದರು. ಕಾನೂನು ಸಲಹೆ ಎಂದರೆ ಹೀಗಿರಬೇಕು.

ಮಂಚ ಮೂರು ಕಾಲಿನ ಮೇಲೆ ಇಳಿಯಿತು. ವಿಮೆಯೆಂದು ನನ್ನಿಂದ ಪಡೆದಿದ್ದ ಹಣ ಯಾವ ವಿಮಾ ಕಂಪನಿಗೂ ಹೋಗಿರಲಿಲ್ಲ. ಅದು ಅವರೇ ವಸೂಲು ಮಾಡಿ, ಅವರೇ ವಿಚಾರಣೆ ನಡೆಸಿ, ಅವರೇ ವಿಷಾದ ವ್ಯಕ್ತಪಡಿಸುವ ‘ರಿಸ್ಕ್ ಕವರ್’ ಎಂಬ ಸ್ವಾವಲಂಬಿ ಯೋಜನೆಯಾಗಿತ್ತು. ಕಾಲು ಮುರಿದಿರುವುದನ್ನೂ ಗೀರಿನ ಪ್ರಭೇದವೆಂದೇ ಪರಿಗಣಿಸಬೇಕಾಗುತ್ತದೆ ಎಂದು ಉತ್ತರ ಬಂದಿತು. ಆಗ ಭೂತಗನ್ನಡಿ ಹುಡುಕಿ ಹಿಂಬದಿಯನ್ನು ಓದಿದೆ: ಸಾಮಾನು ಮಾಲೀಕರ ಹೊಣೆ, ಪರಿಹಾರ ಒಂದು ವಸ್ತುವಿಗೆ 500 ರೂಪಾಯಿ ಮೀರದು, ತಕರಾರು ಗುರುಗ್ರಾಮದ ನ್ಯಾಯಾಲಯದಲ್ಲಿ ಮಾತ್ರ. ಮಂಚದ ಮೂರು ಕಾಲಿನಲ್ಲಿ ಗುರುಗ್ರಾಮದವರೆಗೆ ನಡೆಯುವುದು ಹೇಗೆಂಬುದನ್ನು ಮಾತ್ರ ಬರೆದಿರಲಿಲ್ಲ.

ಸರ್ಕಾರವೇನೂ ಸುಮ್ಮನೆ ಕುಳಿತಿಲ್ಲ. ‘ಮಾಲೀಕರ ಹೊಣೆ’ ಎಂದು ಬರೆದ ಮಾತ್ರಕ್ಕೆ ಸಾಗಣೆದಾರ ತನ್ನ ನಿರ್ಲಕ್ಷ್ಯದಿಂದ ಪಾರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲೇ ಹೇಳಿದೆ. ಆ ಸಾಲನ್ನು ಮುದ್ರಿಸುವವರು ಇನ್ನೂ ಹಳೆಯ ಅಚ್ಚನ್ನೇ ಬಳಸುತ್ತಿರಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ಧಾರವಾಡದ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಸಾಧ್ಯವಾದ ಮಟ್ಟಿಗೆ 3 ತಿಂಗಳಲ್ಲಿ ತೀರ್ಪು. ‘ಸಾಧ್ಯವಾದ ಮಟ್ಟಿಗೆ’ ಎಂಬ ಪದಪುಂಜಕ್ಕೂ ಗೀರು ಬಿದ್ದಿರಬಹುದೆಂಬ ಅನುಮಾನ ನನಗಿದೆ. ಇನ್ನು ಷರತ್ತೇ ಅನ್ಯಾಯದ್ದೆಂದು ವಾದಿಸುವವನು ರಾಜ್ಯ ಆಯೋಗದ ಮೆಟ್ಟಿಲು ಹತ್ತಬೇಕು; ಹೀಗಾಗಿ ಮಂಚದ ಕಾಲು ಜಿಲ್ಲೆಯ ವಿಷಯ, ಕಾಲು ಮುರಿಯಲು ಅನುಮತಿ ಕೊಟ್ಟ ಕಾಗದ ರಾಜ್ಯದ ವಿಷಯ.

ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಬುಕ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕಿತ್ತು. ರಸೀದಿಯಲ್ಲಿದ್ದ ವಿಳಾಸಕ್ಕೆ ಕೂಡಲೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಹದಿನೈದು ದಿನದ ಮೇಲೆ ಲಕೋಟೆ ಹಿಂದಿರುಗಿತು. ಅದರ ಮೇಲೆ ಅಂಚೆಯವರು ನೀಲಿ ಪೆನ್ನಿನಲ್ಲಿ, ‘ಮನೆ ಖಾಲಿ ಮಾಡಿದ್ದಾರೆ’ ಎಂದು ಬರೆದಿದ್ದರು.